ಸುಸ್ತಾದವರನ್ನೇ ಅಲೆದಾಡಿಸುವ ಚಿಕಿತ್ಸೆ

ಓಪಿಯಾಯ್ಡ್ ಬದಲಿ ಚಿಕಿತ್ಸೆಯ (ಒಎಸ್‌ಟಿ) ಕೇಂದ್ರದಲ್ಲಿ ಹೆರಾಯಿನ್ ಬದಲಿಗೆ ಕೊಡುವ ಮಾತ್ರೆಯನ್ನು ಮನೆಗೆ ಕಟ್ಟಿಕೊಡುವುದು ಅಪರೂಪ. ಬ್ಯುಪ್ರಿನಾರ್ಫಿನ್ ಮಾತ್ರೆಯನ್ನು ನರ್ಸ್ ತರಿತರಿಯಾಗಿ ಪುಡಿ ಮಾಡಿ, ಬಂದವರ ನಾಲಿಗೆಯ ಅಡಿಗೆ ಹಾಕುತ್ತಾರೆ. ನುಂಗಬಾರದು, ಮಾತಾಡಬಾರದು. ಪುಡಿ ಕರಗುವ ತನಕ ಐದಾರು ನಿಮಿಷ ಅಲ್ಲೇ ಕುರ್ಚಿಯಲ್ಲಿ ಕೂರಬೇಕು. ಆಮೇಲೆ ಬಾಯಿ ತೆರೆದು ತೋರಿಸಿ ಹೊರಡಬೇಕು. ಮಾತ್ರೆ ಹೊರಗೆ ಹೋಗಿ ಮಾರಾಟವಾಗದಿರಲಿ, ಸೂಜಿಗೆ ಸೇರದಿರಲಿ ಎಂದು ಈ ವ್ಯವಸ್ಥೆ. ಇಂಫಾಲವಿರಲಿ, ಅಮೃತಸರವಿರಲಿ, ದೆಹಲಿಯಿರಲಿ, ಹೆಚ್ಚು ಕಡಿಮೆ ಇದೇ ಪದ್ಧತಿ. ಬಹುಪಾಲು ಮಂದಿ ದಿನಾ ಬರಬೇಕು.

ಆ ಕುರ್ಚಿಯಲ್ಲಿ ತೂಕಡಿಸುವವರನ್ನು ಕಂಡರೆ ನಮಗೆ ಥಟ್ಟನೆ ಅನ್ನಿಸುವುದು ಒಂದೇ: ನಶೆ ಇನ್ನೂ ಇಳಿದಿಲ್ಲ. ಮನೆಯವರಿಗೂ ಹಾಗೇ ಅನ್ನಿಸುತ್ತದೆ. ಎದ್ದರೆ ಹತ್ತು ಗಂಟೆ, ಕೆಲಸಕ್ಕೆ ಕಳಿಸಿದರೆ ಮಧ್ಯಾಹ್ನಕ್ಕೇ ವಾಪಸ್, ಕೊಡ ನೀರು ತಾ ಎಂದರೆ ದಾರಿಯಲ್ಲೇ ಕೂರುತ್ತಾನೆ. ಚಟ ಬಿಟ್ಟರೂ ಮೈಗಳ್ಳತನ ಬಿಡಲಿಲ್ಲ ಎಂಬುದು ಮನೆಯ ತೀರ್ಪು. ಆದರೆ ಅದೇ ಕುರ್ಚಿಯಲ್ಲಿ ಕೂತವರ ರಕ್ತದಲ್ಲಿ ಹತ್ತು ಹದಿನೈದು ವರ್ಷಗಳಿಂದ ಹೆಪಟೈಟಿಸ್ ಸಿ ವೈರಸ್ ಬೆಳೆಯುತ್ತಿರಬಹುದು. ದೀರ್ಘಕಾಲದ ಹೆಪಟೈಟಿಸ್ ಸಿ ಇರುವವರು ಹೇಳಿಕೊಳ್ಳುವ ಎಲ್ಲ ತೊಂದರೆಗಳಲ್ಲಿ ಮೊದಲ ಸ್ಥಾನ ಸುಸ್ತಿನದು. ಕಾಮಾಲೆಯದಲ್ಲ, ಹೊಟ್ಟೆನೋವಿನದೂ ಅಲ್ಲ.

ನಮ್ಮಲ್ಲಿ ಲಿವರ್ ಕಾಯಿಲೆ ಎಂದರೆ ಕಣ್ಣು ಹಳದಿಯಾಗಬೇಕು, ಮೂತ್ರ ಹಳದಿಯಾಗಬೇಕು, ಆಮೇಲೆ ನೆಲನೆಲ್ಲಿ ರಸ, ಉಪ್ಪಿಲ್ಲದ ಪಥ್ಯ. ಹೆಪಟೈಟಿಸ್ ಎ ಮತ್ತು ಇ ಹೀಗೆ ಬಂದು ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತವೆ. ನಾಟಿ ಮದ್ದಿಗೆ ಹೆಸರು ಬರುವುದೂ ಇದರಿಂದಲೇ. ಸಿ ಹಾಗಲ್ಲ. ಸೋಂಕು ತಗುಲಿದ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಸುಮಾರು ಹತ್ತರಲ್ಲಿ ಮೂವರ ಮೈ ಅದನ್ನು ಆರು ತಿಂಗಳೊಳಗೆ ತಾನೇ ಹೊರಹಾಕುತ್ತದೆ. ಉಳಿದವರಲ್ಲಿ ಅದು ನೆಲೆಯೂರುತ್ತದೆ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಇವರಲ್ಲಿ ಶೇ 15ರಿಂದ 30ರಷ್ಟು ಮಂದಿಗೆ ಸಿರೋಸಿಸ್, ಕೆಲವರಿಗೆ ಲಿವರ್ ಕ್ಯಾನ್ಸರ್. ಇದಕ್ಕೆ ಲಸಿಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 55 ಲಕ್ಷ ಜನರಲ್ಲಿ ಈ ಸೋಂಕು ಇತ್ತು.

ಮಣಿಪುರದ ಕಥೆ ಇದರಲ್ಲಿ ಎಲ್ಲಕ್ಕಿಂತ ಕಠಿಣವಾದುದು. ಮ್ಯಾನ್ಮಾರ್ ಗಡಿಯ ಮೋರೆಯ ಮೂಲಕ ‘ನಂಬರ್ ಫೋರ್’ ಹೆರಾಯಿನ್ ಎಂಬತ್ತರ ದಶಕದಲ್ಲಿ ಇಂಫಾಲದ ಕಣಿವೆಗೂ ಗುಡ್ಡಗಳಿಗೂ ಹರಿದುಬಂತು. ಚುರಾಚಾಂದ್‌ಪುರದ ಹುಡುಗರು ‘ಎಸ್‌ಪಿ’ ಎನ್ನುತ್ತಿದ್ದ ಸ್ಪಾಸ್ಮೊ ಪ್ರಾಕ್ಸಿವಾನ್ ಕ್ಯಾಪ್ಸೂಲ್‌ಗಳನ್ನೂ ಬಿಚ್ಚಿ ಕರಗಿಸಿ ಚುಚ್ಚಿಕೊಂಡರು. ಅದು ನುಂಗುವ ನೋವಿನ ಮಾತ್ರೆ, ರಕ್ತನಾಳಕ್ಕೆ ಹೋಗಬೇಕಾದದ್ದಲ್ಲ. ನಾಳಗಳು ಮುಚ್ಚಿದವು, ಹುಣ್ಣುಗಳು ಕೀವು ಕಟ್ಟಿದವು, ಕೈಕಾಲು ಕತ್ತರಿಸಿಕೊಂಡವರೂ ಇದ್ದಾರೆ. 1989–90ರಲ್ಲಿ ಅಲ್ಲಿ ಎಚ್‌ಐವಿ ಪತ್ತೆಯಾದಾಗ ದೇಶ ಬೆಚ್ಚಿಬಿತ್ತು. ಸೂಜಿ ಹಂಚುವ, ಬದಲಿ ಔಷಧ ಕೊಡುವ ಕೆಲಸಕ್ಕೆ 1996ರಲ್ಲೇ ತನ್ನ ಏಡ್ಸ್ ನೀತಿಯಲ್ಲಿ ಜಾಗ ಕೊಟ್ಟ ರಾಜ್ಯ ಅದು. ಆ ಧೈರ್ಯಕ್ಕೆ ಅಲ್ಲಿನ ಜನರಿಗೆ ಸಲ್ಲಬೇಕಾದ ಗೌರವವನ್ನು ನಾವು ದಕ್ಷಿಣದವರು ಇನ್ನೂ ಸಲ್ಲಿಸಿಲ್ಲ.

ಎಚ್‌ಐವಿಗೆ ಹೆದರಿ ಸೂಜಿ ಹಂಚಿಕೊಳ್ಳುವುದು ಕಡಿಮೆಯಾಯಿತು, ಆದರೆ ಹೆಪಟೈಟಿಸ್ ಸಿ ಹಿಂದೆ ಸರಿಯಲಿಲ್ಲ. ಮಂಡಿಯೂರಿ ಕೂತ ಮೂವರ ನಡುವೆ ಒಂದು ಚಮಚ. ಅದರಲ್ಲಿ ಪುಡಿ, ನೀರು, ಕೆಳಗೆ ಲೈಟರ್. ಕರಗಿದ ಮೇಲೆ ಸಣ್ಣ ಹತ್ತಿಯುಂಡೆ ಹಾಕಿ ಅದರ ಮೂಲಕ ಮೂವರೂ ತಮ್ಮ ತಮ್ಮ ಸಿರಿಂಜ್‌ಗೆ ಎಳೆದುಕೊಳ್ಳುತ್ತಾರೆ. ಮೂರೂ ಸೂಜಿ ಬೇರೆ ಬೇರೆಯೇ. ಆದರೆ ಒಬ್ಬನ ಸಿರಿಂಜ್‌ನಲ್ಲಿ ನಿನ್ನೆಯ ರಕ್ತದ ಪಸೆ ಇದ್ದರೆ ಚಮಚ, ಹತ್ತಿ, ನೀರು ಮೂರಕ್ಕೂ ವೈರಸ್ ಸೇರಿತು. ಪ್ರಯೋಗಾಲಯದಲ್ಲಿ ಸಿರಿಂಜ್‌ನೊಳಗೆ ಈ ವೈರಸ್ 63 ದಿನಗಳವರೆಗೂ ಸೋಂಕು ತಗುಲಿಸುವ ಸ್ಥಿತಿಯಲ್ಲಿ ಉಳಿದದ್ದನ್ನು ಕಂಡಿದ್ದಾರೆ. ಹೊಸ ಸೂಜಿ ಕೊಟ್ಟು ಚಮಚ ಮತ್ತು ಹತ್ತಿಯ ಮಾತೆತ್ತದೆ ಬಿಟ್ಟ ಕಾರ್ಯಕ್ರಮಗಳು ಅರ್ಧ ಕೆಲಸ ಮಾಡಿದಂತಾಯಿತು. ಮಣಿಪುರದ ಕೆಲವು ಜಿಲ್ಲೆಗಳ ಅಧ್ಯಯನಗಳಲ್ಲಿ ಚುಚ್ಚಿಕೊಳ್ಳುವವರ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಸೋಂಕು ತಗುಲಿದ ಗುರುತು ಸಿಕ್ಕಿದೆ. ಹಲವರಲ್ಲಿ ಎಚ್‌ಐವಿಯೂ ಜೊತೆಗಿದೆ.

ಈಗ ಸುಸ್ತಿನ ವಿಷಯಕ್ಕೆ ಬರೋಣ. ಲಿವರ್ ಎಷ್ಟು ಕೆಟ್ಟಿದೆ ಎಂಬುದಕ್ಕೂ ಮನುಷ್ಯ ಎಷ್ಟು ದಣಿದಿದ್ದಾನೆ ಎಂಬುದಕ್ಕೂ ನೇರ ತಾಳೆ ಇಲ್ಲ. ಬಯಾಪ್ಸಿಯಲ್ಲಿ ಲಿವರ್ ಬಹುತೇಕ ಚೆನ್ನಾಗಿದ್ದವರೂ ಹಾಸಿಗೆ ಬಿಟ್ಟೇಳಲು ಆಗುತ್ತಿಲ್ಲ ಎನ್ನುತ್ತಾರೆ. ವೈದ್ಯರು ವರದಿ ನೋಡಿ ‘ನಿಮಗೇನೂ ಅಂಥದ್ದಾಗಿಲ್ಲ’ ಎಂದು ಕಳಿಸಿದ ಉದಾಹರಣೆ ಎಷ್ಟೋ. 2001ರಲ್ಲಿ ಲಂಡನ್ನಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಲಿವರ್‌ಗೆ ಹೆಚ್ಚೇನೂ ಹಾನಿಯಾಗದ ಹೆಪಟೈಟಿಸ್ ಸಿ ರೋಗಿಗಳ ಮಿದುಳನ್ನು ಎಂಆರ್ ಯಂತ್ರದಲ್ಲಿ ನೋಡಿದಾಗ ಕೆಲವು ಭಾಗಗಳ ರಾಸಾಯನಿಕ ಪ್ರಮಾಣ ಆರೋಗ್ಯವಂತರಿಗಿಂತ, ಹೆಪಟೈಟಿಸ್ ಬಿ ಇರುವವರಿಗಿಂತಲೂ ಬೇರೆಯಾಗಿತ್ತು. ಹಿಂದೆ ಮಾದಕ ವಸ್ತು ಚುಚ್ಚಿಕೊಂಡಿದ್ದರೋ ಇಲ್ಲವೋ ಎಂಬುದಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧ ಕಾಣಲಿಲ್ಲ. ವೈರಸ್‌ನ ವಿರುದ್ಧ ಮೈ ವರ್ಷಗಟ್ಟಲೆ ನಡೆಸುವ ಹೋರಾಟದಲ್ಲಿ ಸುರಿಯುವ ಉರಿಯೂತದ ಸಂಕೇತಗಳು ಮಿದುಳನ್ನೂ ತಟ್ಟುತ್ತವೆ ಎಂಬುದು ಈಗಿನ ಮುಖ್ಯ ವಿವರಣೆ. ಜ್ವರ ಬಂದಾಗ ಎರಡು ದಿನ ನಮ್ಮೆಲ್ಲರನ್ನೂ ಮಲಗಿಸುವುದು ಇಂಥ ಸಂಕೇತಗಳೇ.

ಸುಸ್ತನ್ನು ಅಳೆಯಲು ರಕ್ತ ಪರೀಕ್ಷೆ ಇಲ್ಲ, ಕೇಳಿಯೇ ತಿಳಿಯಬೇಕು. 1989ರಲ್ಲಿ ಅಮೆರಿಕದ ನರವೈದ್ಯೆ ಲಾರೆನ್ ಕ್ರಪ್ ಮತ್ತು ಸಂಗಡಿಗರು ಇದಕ್ಕೊಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಒಂಬತ್ತು ವಾಕ್ಯ, ಪ್ರತಿಯೊಂದಕ್ಕೂ ಒಂದರಿಂದ ಏಳರ ತನಕ ಅಂಕ. ದಣಿವು ನನ್ನ ಕೆಲಸಕ್ಕೆ ಅಡ್ಡ ಬರುತ್ತದೆಯೇ, ಸಂಸಾರಕ್ಕೆ ಅಡ್ಡ ಬರುತ್ತದೆಯೇ, ನನ್ನನ್ನು ಮೂಲೆಗೆ ತಳ್ಳುವ ಮೂರು ಮುಖ್ಯ ತೊಂದರೆಗಳಲ್ಲಿ ಇದೂ ಒಂದೇ ಎಂಬ ಬಗೆಯ ವಾಕ್ಯಗಳು. ನಾರ್ವೆಯ ಬರ್ಗೆನ್ ಮತ್ತು ಸ್ಟವಾಂಗರ್ ನಗರಗಳಲ್ಲಿ ಬದಲಿ ಔಷಧವಾಗಿ ಮೆಥಡೋನ್ ಅಥವಾ ಬ್ಯುಪ್ರಿನಾರ್ಫಿನ್ ಪಡೆಯುವವರ ಮುಂದೆ ಇದನ್ನು ಇಟ್ಟಾಗ ತೀವ್ರ ದಣಿವು ಹೇಳಿಕೊಂಡವರು ಬಹಳ. ತುಂಬಲು ಐದು ನಿಮಿಷ ಸಾಕು. ನಮ್ಮ ಒಎಸ್‌ಟಿ ಕೇಂದ್ರದ ಕುರ್ಚಿಯಲ್ಲಿ ಮಾತ್ರೆ ಕರಗಲು ಹಿಡಿಯುವಷ್ಟೇ ಹೊತ್ತು.

ಸುಸ್ತಿಗೆ ವೈರಸ್ ಒಂದೇ ಕಾರಣವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮೆಥಡೋನ್ ಜಡತೆ ತರುತ್ತದೆ. ಬಹುಕಾಲ ಓಪಿಯಾಯ್ಡ್ ತೆಗೆದುಕೊಂಡ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಕುಸಿಯುತ್ತದೆ, ಅದರ ಲಕ್ಷಣವೂ ಬಳಲಿಕೆಯೇ. ನಿದ್ದೆ ಹಾಳಾಗಿರುತ್ತದೆ. ಖಿನ್ನತೆ, ರಕ್ತಹೀನತೆ, ಎಚ್‌ಐವಿ, ಎರಡು ಹೊತ್ತು ಸರಿಯಾಗಿ ಉಣ್ಣದ ಬಾಳು, ಯಾವ ಕ್ಷಣದಲ್ಲಿ ಪೊಲೀಸರು ಹಿಡಿದಾರೋ ಎಂಬ ಎಚ್ಚರದಲ್ಲೇ ಕಳೆದ ರಾತ್ರಿಗಳು. ಇಷ್ಟೆಲ್ಲ ಒಂದೇ ಮೈಯಲ್ಲಿದ್ದಾಗ ಯಾವ ಸುಸ್ತು ಯಾವುದರದು ಎಂದು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಆದರೆ ಈ ಪಟ್ಟಿಯಲ್ಲಿ ಮೂರು ತಿಂಗಳ ಮಾತ್ರೆಯಿಂದ ಬೇರುಸಹಿತ ಕಿತ್ತು ಹಾಕಬಹುದಾದ ಕಾರಣ ಒಂದಿದೆ. ಅದು ಹೆಪಟೈಟಿಸ್ ಸಿ.

ಹಿಂದೆ ಹಾಗಿರಲಿಲ್ಲ, ಮತ್ತು ಆ ಹಿಂದಿನದು ಜನ ಮರೆತಿಲ್ಲ. ವೈರಸ್ ಅನ್ನು 1989ರಲ್ಲಿ ಮೈಕಲ್ ಹೌಟನ್ ಅವರ ತಂಡ ಗುರುತಿಸಿತು; ಹಾರ್ವಿ ಆಲ್ಟರ್, ಚಾರ್ಲ್ಸ್ ರೈಸ್ ಅವರೊಂದಿಗೆ ಹೌಟನ್ 2020ರ ನೊಬೆಲ್ ಪಡೆದರು. ಆದರೆ ಎರಡು ದಶಕಗಳ ಕಾಲ ಇದ್ದ ಮದ್ದು ಇಂಟರ್‌ಫೆರಾನ್. ಆರು ತಿಂಗಳಿಂದ ಒಂದು ವರ್ಷ ಚುಚ್ಚುಮದ್ದು, ಜೊತೆಗೆ ದಿನಾ ರೈಬಾವಿರಿನ್. ಜ್ವರ, ಮೈಕೈ ನೋವು, ಕೂದಲು ಉದುರುವುದು, ಆತ್ಮಹತ್ಯೆಯ ಯೋಚನೆ ತರುವಷ್ಟು ಖಿನ್ನತೆ. ರೈಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತಿತ್ತು. ಸುಸ್ತಿಗೆ ಮದ್ದು ಕೇಳಿ ಹೋದವರು ಮೊದಲಿಗಿಂತ ಸುಸ್ತಾಗಿ ಬರುತ್ತಿದ್ದರು. ಇಷ್ಟಾದರೂ ಕೆಲವು ಬಗೆಯ ವೈರಸ್‌ನಲ್ಲಿ ಗುಣವಾಗುವವರು ಅರ್ಧದಷ್ಟು. ಖರ್ಚು ಲಕ್ಷಗಟ್ಟಲೆ. ಇಂಫಾಲದಲ್ಲಿ ಜಮೀನು ಮಾರಿ ಈ ಚಿಕಿತ್ಸೆ ಮಾಡಿಸಿದ ಕುಟುಂಬಗಳಿವೆ, ಮಾರಲು ಜಮೀನಿಲ್ಲದೆ ಕಳೆದುಕೊಂಡ ಕುಟುಂಬಗಳು ಇನ್ನೂ ಹೆಚ್ಚು. ಗೆಳೆಯ ಆ ಚುಚ್ಚುಮದ್ದಿನಲ್ಲಿ ಒಣಗಿಹೋದದ್ದನ್ನು ಕಣ್ಣಾರೆ ಕಂಡವರು ಇವತ್ತು ‘ಚಿಕಿತ್ಸೆ ಬಂದಿದೆ’ ಎಂದರೆ ತಲೆ ಅಲ್ಲಾಡಿಸುವುದು ಉದಾಸೀನದಿಂದಲ್ಲ.

2013ರ ಡಿಸೆಂಬರ್‌ನಲ್ಲಿ ಅಮೆರಿಕ ಸೊಫೊಸ್ಬುವಿರ್‌ಗೆ ಒಪ್ಪಿಗೆ ಕೊಟ್ಟಿತು. ದಿನಕ್ಕೊಂದು ಮಾತ್ರೆ, ಹನ್ನೆರಡು ವಾರ. ಗಿಲಿಯಡ್ ಕಂಪನಿ ಇಟ್ಟ ಬೆಲೆ ಮಾತ್ರೆಯೊಂದಕ್ಕೆ ಸಾವಿರ ಡಾಲರ್, ಪೂರ್ತಿ ಚಿಕಿತ್ಸೆಗೆ 84 ಸಾವಿರ ಡಾಲರ್. ಭಾರತದಲ್ಲಿ ಎಚ್‌ಐವಿ ಜೊತೆ ಬದುಕುವವರ ಸಂಘಟನೆಗಳು ಇದರ ಪೇಟೆಂಟ್ ವಿರುದ್ಧ ಆಕ್ಷೇಪಣೆ ಹಾಕಿದವು. 2015ರ ಜನವರಿಯಲ್ಲಿ ಗಿಲಿಯಡ್‌ನ ಅರ್ಜಿ ತಿರಸ್ಕೃತವಾಯಿತು, ಮರುವರ್ಷ ಪೇಟೆಂಟ್ ಸಿಕ್ಕಿಯೇ ಬಿಟ್ಟಿತು. ಆದರೆ ಅಷ್ಟರಲ್ಲಿ, 2014ರ ಸೆಪ್ಟೆಂಬರ್‌ನಲ್ಲೇ, ಏಳು ಭಾರತೀಯ ಕಂಪನಿಗಳಿಗೆ ಜೆನೆರಿಕ್ ತಯಾರಿಸುವ ಪರವಾನಗಿ ಹೋಗಿತ್ತು. ಅವುಗಳಲ್ಲಿ ಒಂದು ಬೆಂಗಳೂರಿನ ಸ್ಟ್ರೈಡ್ಸ್; ಸ್ವಲ್ಪ ದಿನಕ್ಕೆ ಬಯೋಕಾನ್ ಕೂಡ ಸೇರಿತು. 2015ರಲ್ಲಿ ಒಂದು ತಿಂಗಳ ಡಬ್ಬಿ ಸುಮಾರು 20 ಸಾವಿರ ರೂಪಾಯಿಗೆ ಅಂಗಡಿಗೆ ಬಂತು, ಆಮೇಲೆ ಬೆಲೆ ಇಳಿಯುತ್ತಲೇ ಹೋಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸೊಫೊಸ್ಬುವಿರ್ ಮತ್ತು ಡಕ್ಲಟಾಸ್ವಿರ್ ಜೋಡಿ ಈಗ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ. ಸಿರೋಸಿಸ್ ಆದವರಿಗೆ ವೆಲ್ಪಟಾಸ್ವಿರ್ ಜೋಡಿ. ಅಡ್ಡಪರಿಣಾಮ ತೀರಾ ಕಡಿಮೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.

ಪಂಜಾಬ್ ಇದಕ್ಕೂ ಮೊದಲೇ, 2016ರ ಜೂನ್‌ನಲ್ಲಿ, ತನ್ನದೇ ಉಚಿತ ಯೋಜನೆ ತೆರೆದು ಜಿಲ್ಲಾ ಆಸ್ಪತ್ರೆಗಳಲ್ಲೇ ಮಾತ್ರೆ ಕೊಟ್ಟಿತು. ಚಂಡೀಗಢದ ಪಿಜಿಐ ವೈದ್ಯರು ಬರೆದ ವರದಿಯಲ್ಲಿ 48,088 ರೋಗಿಗಳ ಲೆಕ್ಕವಿದೆ. ಪರೀಕ್ಷೆ ಪೂರ್ತಿಯಾದವರಲ್ಲಿ ಗುಣವಾದವರು ಶೇ 91.6. ದೊಡ್ಡ ತಜ್ಞರಿಲ್ಲದೆ ಜಿಲ್ಲೆಯ ಸಾಮಾನ್ಯ ವೈದ್ಯರೇ ಇದನ್ನು ನಡೆಸಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟಾದ ಮೇಲೂ ಚುಚ್ಚಿಕೊಳ್ಳುವವರಿಗೆ ಬರುವ ಮೊದಲ ಮಾತು: ಚಟ ಬಿಟ್ಟು ಬಾ, ಆಮೇಲೆ ನೋಡೋಣ. ಅಮೆರಿಕದ ಹಲವು ರಾಜ್ಯಗಳು ಬೆಲೆಗೆ ಹೆದರಿ, ತಿಂಗಳುಗಟ್ಟಲೆ ಮಾದಕ ವಸ್ತು ಮುಟ್ಟಿಲ್ಲವೆಂಬ ದಾಖಲೆಯಿದ್ದರೆ ಮಾತ್ರ ಔಷಧ ಎಂದವು. ಆಸ್ಟ್ರೇಲಿಯ 2016ರ ಮಾರ್ಚ್ 1ರಿಂದ ಈ ಷರತ್ತೇ ಇಲ್ಲದೆ ಎಲ್ಲ ವಯಸ್ಕರಿಗೂ ಬಾಗಿಲು ತೆರೆಯಿತು, ಈಗಲೂ ಚುಚ್ಚಿಕೊಳ್ಳುತ್ತಿರುವವರಿಗೂ. ಹಿಂದಿನ ಆರು ತಿಂಗಳಲ್ಲಿ ಚುಚ್ಚಿಕೊಂಡಿದ್ದ 103 ಮಂದಿಗೆ ಏಳು ದೇಶಗಳಲ್ಲಿ ಚಿಕಿತ್ಸೆ ಕೊಟ್ಟು ನೋಡಿದ ಅಧ್ಯಯನವೊಂದರ ಫಲಿತಾಂಶ 2018ರಲ್ಲಿ ಬಂತು: ಗುಣವಾದವರು ಶೇ 94. ಚಟವಿದ್ದವರು ಮಾತ್ರೆ ಸರಿಯಾಗಿ ನುಂಗುವುದಿಲ್ಲ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಮತ್ತೆ ಸೋಂಕು ತಗುಲುವುದು ನಿಜ. ಈಚೆಗೂ ಚುಚ್ಚಿಕೊಳ್ಳುವವರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಆರು ಮಂದಿಗೆ. ಅವರಿಗೆ ಮತ್ತೆ ಮಾತ್ರೆ ಕೊಡಬೇಕು, ಚೊಕ್ಕಟ ಸೂಜಿ, ಚಮಚ ಕೊಡಬೇಕು. ಎರಡನೇ ಸಲ ಮಲೇರಿಯಾ ಬಂದವನನ್ನು ನಾವು ಆಸ್ಪತ್ರೆಯಿಂದ ಓಡಿಸುವುದಿಲ್ಲ.

ನನ್ನ ಮಟ್ಟಿಗೆ ಇದರಲ್ಲಿ ಎಲ್ಲಕ್ಕಿಂತ ನೋವಿನ ಸಂಗತಿ ಬೇರೆಯೇ. ರೋಗದ ಮೊದಲ ಲಕ್ಷಣ ಸುಸ್ತು. ಚಿಕಿತ್ಸೆ ಕೇಳುವ ಮೊದಲ ಬೆಲೆ ನಡಿಗೆ. ಸ್ವಯಂಸೇವಾ ಸಂಸ್ಥೆಯ ಕೇಂದ್ರದಲ್ಲಿ ಬೆರಳು ಚುಚ್ಚಿ ಮೊದಲ ಪರೀಕ್ಷೆ. ಅದು ಪಾಸಿಟಿವ್ ಬಂದರೂ ವೈರಸ್ ಈಗ ಇದೆಯೋ, ಎಂದೋ ಬಂದು ಹೋಯಿತೋ ತಿಳಿಯದು, ಹಾಗಾಗಿ ವೈರಲ್ ಲೋಡ್ ಪರೀಕ್ಷೆಗೆ ಇನ್ನೊಂದೆಡೆ ರಕ್ತ. ವರದಿಗೆ ಕಾಯುವುದು, ಮತ್ತೆ ಹೋಗುವುದು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಇನ್ನೊಂದು ರಕ್ತ ಪರೀಕ್ಷೆ. ಆಧಾರ್ ಚೀಟಿ ತಂದಿಲ್ಲವೇ, ನಾಳೆ ಬನ್ನಿ. ಡಾಕ್ಟರ್ ರಜೆ, ಸೋಮವಾರ ಬನ್ನಿ. ಆಮೇಲೆ ತಿಂಗಳಿಗೊಮ್ಮೆ ಮಾತ್ರೆ. ಮುಗಿದ ಹನ್ನೆರಡು ವಾರಕ್ಕೆ ಗುಣವಾಯಿತೇ ಎಂದು ಮತ್ತೆ ರಕ್ತ. ಇದರ ನಡುವೆ ದಿನಾ ಒಎಸ್‌ಟಿ ಕೇಂದ್ರದ ಕುರ್ಚಿ ತಪ್ಪಿಸುವಂತಿಲ್ಲ, ದಿನಗೂಲಿ ಬಿಡುವಂತಿಲ್ಲ. ಮಧ್ಯದಲ್ಲಿ ನಿಂತವರನ್ನು ಕಡತದಲ್ಲಿ ‘ಫಾಲೋಅಪ್‌ಗೆ ಬಂದಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಬರಲಾರದಷ್ಟು ಸುಸ್ತಾಗಿತ್ತೇ ಎಂದು ಕೇಳುವ ಅಂಕಣ ಆ ಕಡತದಲ್ಲಿಲ್ಲ.

ಬರ್ಗೆನ್ ಮತ್ತು ಸ್ಟವಾಂಗರ್‌ನ ವೈದ್ಯರು ಪರೀಕ್ಷಿಸಿ ನೋಡಿದ್ದು ಇದನ್ನೇ. ಸುಮಾರು 300 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ತಾವು ಮೊದಲಿಂದ ಹೋಗುತ್ತಿದ್ದ ಕೇಂದ್ರದಲ್ಲೇ, ಪರಿಚಯದ ನರ್ಸ್ ಕೈಯಿಂದಲೇ ಹೆಪಟೈಟಿಸ್ ಮಾತ್ರೆ. ಇನ್ನೊಂದು ಗುಂಪಿಗೆ ಎಂದಿನಂತೆ ದೊಡ್ಡ ಆಸ್ಪತ್ರೆಗೆ ಚೀಟಿ. 2021ರಲ್ಲಿ ಬಂದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ ಚಿಕಿತ್ಸೆ ಶುರು ಮಾಡಿದವರೂ ಹೆಚ್ಚು, ಬೇಗ ಶುರುವಾದದ್ದೂ ಅಲ್ಲೇ, ಗುಣವಾದವರೂ ಹೆಚ್ಚು. ಮಾತ್ರೆ ಎರಡೂ ಕಡೆ ಒಂದೇ ತೆರನಾದದ್ದು. ಬದಲಾದದ್ದು ದೂರ.

ಮಣಿಪುರದಲ್ಲಿ ಈ ದೂರಕ್ಕೆ ಈಗ ಇನ್ನೊಂದು ಅರ್ಥ ಬಂದಿದೆ. ಚುರಾಚಾಂದ್‌ಪುರದಿಂದ ಇಂಫಾಲಕ್ಕೆ ಸುಮಾರು 60 ಕಿಲೋಮೀಟರ್. ದೊಡ್ಡ ಆಸ್ಪತ್ರೆಗಳು, ವಿಮಾನ ನಿಲ್ದಾಣ ಎಲ್ಲ ಇಂಫಾಲದಲ್ಲಿ. 2023ರ ಮೇ 3ರಂದು ಎರಡು ಸಮುದಾಯಗಳ ನಡುವೆ ಹಿಂಸೆ ಭುಗಿಲೆದ್ದ ಮೇಲೆ ಗುಡ್ಡದ ಕುಕಿ-ಜೋ ಜನರಿಗೆ ಆ ರಸ್ತೆ ಮುಚ್ಚಿತು. ಕಣಿವೆಯ ಮೈತೇಯಿ ಜನರಿಗೆ ಅತ್ತ ಹೋಗುವ ದಾರಿ ಮುಚ್ಚಿತು. ಎರಡು ಗಂಟೆಯ ಹಾದಿಯ ಆಸ್ಪತ್ರೆ ಬಿಟ್ಟು, ಚುರಾಚಾಂದ್‌ಪುರದ ರೋಗಿಗಳು ಗುಡ್ಡದ ಹದಗೆಟ್ಟ ರಸ್ತೆಯಲ್ಲಿ ದಿನವಿಡೀ ಕೂತು ಐಜ್ವಾಲ್‌ಗೆ ಹೋಗಬೇಕಾಯಿತು. ಆರೋಗ್ಯವಂತರೇ ಸೋತುಹೋಗುವ ಪ್ರಯಾಣ ಅದು.

ಗುಣವಾದ ಮೇಲೆ ಸುಸ್ತು ಹೋಗುತ್ತದೆಯೇ? ಸರಾಸರಿ ನೋಡಿದರೆ ಇಳಿಯುತ್ತದೆ, ಹಲವರಲ್ಲಿ ಗಮನಾರ್ಹವಾಗಿಯೇ. ಬೆಳಿಗ್ಗೆ ಎದ್ದ ಕೂಡಲೇ ತಲೆ ಹಗುರಾಗಿದೆ ಎನ್ನುವವರಿದ್ದಾರೆ. ಎಲ್ಲರಲ್ಲೂ ಹಾಗಾಗುವುದಿಲ್ಲ, ಬದಲಿ ಔಷಧದಲ್ಲಿರುವವರಲ್ಲಿ ಇನ್ನಷ್ಟು ಏರುಪೇರು. ವೈರಸ್ ಹೋದರೂ ನಿದ್ದೆ, ಖಿನ್ನತೆ, ಹಸಿವು ಅಲ್ಲೇ ಇರುತ್ತವಲ್ಲ. ಇದನ್ನು ಮೊದಲೇ ಹೇಳಬೇಕು. ಮಾತ್ರೆ ನುಂಗಿದರೆ ಹೊಸ ಮನುಷ್ಯನಾಗುತ್ತೀಯ ಎಂದು ಭರವಸೆ ಕೊಟ್ಟು, ಆಗದಿದ್ದಾಗ ಅವನನ್ನೇ ದೂಷಿಸುವುದು ಅನ್ಯಾಯ. ಕೊನೆಯ ರಕ್ತ ಪರೀಕ್ಷೆಯಲ್ಲಿ ವೈರಸ್ ಇಲ್ಲ ಎಂದು ಬಂದ ದಿನವೇ ಸುಸ್ತಿನ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿ, ಅಂಕ ಇಳಿಯದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಹಾರ್ಮೋನ್, ನಿದ್ದೆ, ಮೆಥಡೋನ್ ಡೋಸ್ ಒಂದೊಂದಾಗಿ ನೋಡುವುದು ಅಸಾಧ್ಯದ ಕೆಲಸವೇನಲ್ಲ.

ಇದು ಈಶಾನ್ಯದ, ಪಂಜಾಬಿನ ಸಮಸ್ಯೆ, ನಮಗೇನು ಎನ್ನುವಂತಿಲ್ಲ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದಿತು. ಟ್ಯಾಪೆಂಟಡಾಲ್ ನೋವಿನ ಮಾತ್ರೆಯನ್ನು ಪುಡಿಮಾಡಿ ಚುಚ್ಚಿಕೊಳ್ಳುವ ಹುಡುಗರು ಬೆಂಗಳೂರಿನ ವೈದ್ಯರ ಮುಂದೆಯೂ ಬರುತ್ತಿದ್ದಾರೆ. ನಮ್ಮ ಊರುಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವ ಥಲಸೇಮಿಯಾ ಮಕ್ಕಳಿಗೆ ತಗುಲುವುದೂ ಇದೇ ವೈರಸ್. ಅವರ ಸುಸ್ತಿಗೆ ನಾವು ಎಳನೀರು ಹಿಡಿದು ಹೋಗುತ್ತೇವೆ, ಸೂಜಿಯವರ ಸುಸ್ತಿಗೆ ಬೈಗುಳ. ಲಿವರ್‌ಗೆ ಈ ಭೇದ ಗೊತ್ತಿಲ್ಲ.

ದೂರವನ್ನು ಕಡಿಮೆ ಮಾಡುವ ಉಪಕರಣವೂ ಇಲ್ಲಿಯದೇ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವಾದ ಮಾಲ್‌ಬಯೊ ತಯಾರಿಸುವ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ, ಮೇಜಿನ ಮೂಲೆಯಲ್ಲಿ ಕೂರುತ್ತದೆ. ಕ್ಷಯ ಪತ್ತೆಗೆಂದು ದೇಶದ ಸಣ್ಣ ಸಣ್ಣ ಆಸ್ಪತ್ರೆಗಳನ್ನೂ ಅದು ತಲುಪಿದೆ. ಹೆಪಟೈಟಿಸ್ ಸಿ ವೈರಲ್ ಲೋಡ್‌ಗೂ ಅದಕ್ಕೆ ಚಿಪ್ ಇದೆ, ಫಲಿತಾಂಶ ಅದೇ ದಿನ. ಬೆಳಿಗ್ಗೆ ಬ್ಯುಪ್ರಿನಾರ್ಫಿನ್‌ಗೆ ಬಂದವರ ರಕ್ತವನ್ನು ಆಗಲೇ ತೆಗೆದುಕೊಂಡರೆ, ಮಧ್ಯಾಹ್ನದೊಳಗೆ ವರದಿ ಕೈಗೆ ಬಂದು, ಮಾರನೇ ದಿನ ನಾಲಿಗೆಯಡಿಯ ಪುಡಿಯ ಜೊತೆಗೇ ಹೆಪಟೈಟಿಸ್ ಮಾತ್ರೆಯ ಮೊದಲ ಡಬ್ಬಿಯನ್ನೂ ಕೊಡಬಹುದು. ಒಎಸ್‌ಟಿ ನಡೆಸುವುದು ಏಡ್ಸ್ ನಿಯಂತ್ರಣ ಸಂಸ್ಥೆ, ಯಂತ್ರ ಕ್ಷಯ ವಿಭಾಗದ್ದು, ಮಾತ್ರೆ ಹೆಪಟೈಟಿಸ್ ಕಾರ್ಯಕ್ರಮದ್ದು. ಮೂವರೂ ಒಂದೇ ಆರೋಗ್ಯ ಸಚಿವಾಲಯದ ಕೆಳಗಿದ್ದಾರೆ. ಕಡತಗಳು ಮೂರು ಕೋಣೆ ದಾಟಲಿ. ರೋಗಿಯನ್ನು ಮೂರು ಊರು ಸುತ್ತಿಸುವುದು ಬೇಡ.